ನಿಮಗಿದು ಗೊತ್ತೆ? ಪವಾಯಿಯಲ್ಲಿ ರೂಪುಗೊಂಡ ಕೋಶ ಚಿಕಿತ್ಸೆ

ಭಾರತದಲ್ಲೇ ರೂಪುಗೊಂಡ ಮೊದಲ ಕಾರ್-ಟಿ ಕೋಶ ಚಿಕಿತ್ಸೆ ‘ನೆಕ್ಸ್‌ಕಾರ್19’ ಮುಂಬೈನದು. ಪವಾಯಿಯ ಐಐಟಿಯಲ್ಲಿ ರಾಹುಲ್ ಪುರ್ವಾರ್ ತಂಡ ಮತ್ತು ಟಾಟಾ ಸ್ಮಾರಕ ಕೇಂದ್ರದ ವೈದ್ಯರು ಸೇರಿ ಬೆಳೆಸಿದ ಈ ರಕ್ತ ಕ್ಯಾನ್ಸರ್ ಚಿಕಿತ್ಸೆಗೆ 2023ರ ಅಕ್ಟೋಬರ್‌ನಲ್ಲಿ ಅನುಮತಿ ದೊರೆಯಿತು. ಇದು ವಿದೇಶಿ ಚಿಕಿತ್ಸೆಯ ಅಗ್ಗದ ನಕಲಷ್ಟೇ ಎಂಬ ಮಾತಿದೆ; ಒಳಗಿನ ಕೆಲಸ ನೋಡಿದರೆ ಅದು ನಿಲ್ಲುವುದಿಲ್ಲ. ರೋಗಿಯದೇ ಟಿ ಕೋಶಗಳನ್ನು (ರೋಗನಿರೋಧಕ ಬಿಳಿ ರಕ್ತಕಣಗಳನ್ನು) ರಕ್ತದಿಂದ ಬೇರ್ಪಡಿಸಿ, ಪಳಗಿಸಿದ ವೈರಸ್ ಮೂಲಕ ಹೊಸ ಜೀನ್ ಸೇರಿಸುತ್ತಾರೆ. ಆಗ ಕೋಶದ ಮೈಮೇಲೆ ಪ್ರತಿಕಾಯದ ತುಣುಕೊಂದು ಮೂಡಿ, ಈ ಕ್ಯಾನ್ಸರ್ ಹುಟ್ಟುವ ಬಿ ಕೋಶಗಳ ಮೇಲಿರುವ ಸಿಡಿ19 ಪ್ರೋಟೀನನ್ನು ಪತ್ತೆಹಚ್ಚಿ ಅಂಟಿಕೊಳ್ಳುತ್ತದೆ; ಟಿ ಕೋಶ ಅವನ್ನು ಕೊಲ್ಲುತ್ತದೆ. ವಿದೇಶದಲ್ಲಿ ಮೊದಲು ಬಂದ ಚಿಕಿತ್ಸೆಗಳಲ್ಲಿ ಈ ತುಣುಕು ಇಲಿಯ ಪ್ರತಿಕಾಯದ್ದು. ಕಸಿ ಮಾಡಿದ ಅಂಗದಂತೆ ಅದನ್ನೂ ದೇಹ ಪರಕೀಯವೆಂದು ತಿರಸ್ಕರಿಸಬಹುದು. ಮುಂಬೈ ತಂಡ ಅದನ್ನು ಮಾನವ ಪ್ರತಿಕಾಯಕ್ಕೆ ಹತ್ತಿರವಾಗುವಂತೆ ತಿದ್ದಿತು.

ಪ್ರಯೋಗಕ್ಕೆ ಒಳಗಾದವರು 64 ಮಂದಿ ಮಾತ್ರ, ದೀರ್ಘಕಾಲದ ಫಲ ಇನ್ನೂ ಸ್ಪಷ್ಟವಾಗಬೇಕು ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ಪರಿಶೀಲಿಸಲಾದ ರೋಗಿಗಳಲ್ಲಿ ಸುಮಾರು ಶೇ. 73ರಷ್ಟು ಮಂದಿ ಚಿಕಿತ್ಸೆಗೆ ಸ್ಪಂದಿಸಿದರು. ಅವರೆಲ್ಲ ಬೇರೆ ಚಿಕಿತ್ಸೆಗಳು ಫಲಿಸದವರು, ಇಲ್ಲವೇ ರೋಗ ಮರುಕಳಿಸಿದವರು. ವೆಚ್ಚ ಅಮೆರಿಕದ ಸುಮಾರು ಹತ್ತನೇ ಒಂದು ಭಾಗವಾದರೂ ಹತ್ತಾರು ಲಕ್ಷ ರೂಪಾಯಿ, ಸಾಮಾನ್ಯರಿಗೆ ಎಟುಕದು. ಆದರೂ ತಯಾರಿಕೆ ಇಲ್ಲೇ ಇದ್ದರೆ ಬೆಲೆ ಇಳಿಸುವ ದಾರಿಯೂ ಇಲ್ಲೇ ತೆರೆದಿರುತ್ತದೆ.