ಸ್ತ್ರೀಧನವೆಂದರೆ ಯಾರ ಧನ?



ಸ್ತ್ರೀಧನವೆಂಬ ಹಳೆಯ ಮಾತನ್ನು ಈಗ ಅನೇಕರು ವರದಕ್ಷಿಣೆ ಎಂದೇ ತಿಳಿದಿದ್ದಾರೆ. ಅದು ತಪ್ಪು. ವರದಕ್ಷಿಣೆ ಎಂದರೆ ಗಂಡಿನ ಕಡೆಯವರು ಕೇಳಿ ಪಡೆಯುವುದು. 1961ರ ಕಾಯಿದೆಯಿಂದ ಅದು ಅಪರಾಧವಾಯಿತು. ಸ್ತ್ರೀಧನವಾದರೋ ಹೆಣ್ಣಿನದೇ ಸ್ವತ್ತು. ಗಂಡ ತೀರಿದ ಮೇಲೆ ಈ ಭೇದ ತಿಳಿಯದಿದ್ದರೆ ಅನರ್ಥವಾಗುತ್ತದೆ. ತುಮಕೂರಿನಲ್ಲಾಗಲಿ, ಗುಬ್ಬಿ ಕುಣಿಗಲ್ ಸೀಮೆಯ ಹಳ್ಳಿಗಳಲ್ಲಾಗಲಿ "ತಾಳಿಯೇ ಹೋಯಿತು, ಒಡವೆ ಏಕೆ?" ಎಂದು ಪೆಟ್ಟಿಗೆಯ ಬೀಗದ ಕೈ ಕೇಳುವವರನ್ನು ನಾವು ಬಲ್ಲೆವು. ಹನ್ನೊಂದನೆಯ ದಿನ ಕಳೆಯುವ ಮೊದಲೇ ತೆಂಗಿನ ತೋಟದ ಹಕ್ಕು ಬಿಡುಗಡೆ ಪತ್ರಕ್ಕೆ ಆಕೆಯ ಹೆಬ್ಬೆಟ್ಟು ಒತ್ತಿಸುವವರೂ ಇದ್ದಾರೆ.

ಶಾಸ್ತ್ರ ಏನೆನ್ನುತ್ತದೆ? ಅಗ್ನಿಸಾಕ್ಷಿಯಾಗಿ ಕೊಟ್ಟದ್ದು, ತವರಿನಿಂದ ಹೊರಡುವಾಗ ಕೊಟ್ಟದ್ದು, ಪ್ರೀತಿಯಿಂದ ಕೊಟ್ಟದ್ದು, ತಂದೆ, ತಾಯಿ, ಅಣ್ಣತಮ್ಮಂದಿರು ಕೊಟ್ಟದ್ದು ಎಂದು ಮನು ಆರು ಬಗೆ ಹೇಳಿದ. ಯಾಜ್ಞವಲ್ಕ್ಯ ಕೆಲವನ್ನು ಎಣಿಸಿ 'ಮೊದಲಾದುವು' ಎಂದು ನಿಲ್ಲಿಸಿದ. ಆ 'ಮೊದಲಾದುವು' ಏನೆಂದು ಬಿಡಿಸಿದವನು ನಮ್ಮ ನಾಡಿನವನೇ. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರ. ದಾಯವಾಗಿ ಬಂದದ್ದು, ಕೊಂಡದ್ದು, ವಿಭಾಗದಲ್ಲಿ ಸಿಕ್ಕಿದ್ದು ಸಹ ಸ್ತ್ರೀಧನವೇ ಎಂದು ಅವನು ತನ್ನ ಮಿತಾಕ್ಷರಾದಲ್ಲಿ ಬರೆದ. ಅವನು ಕೊಟ್ಟ ಕಾರಣ ಸೊಗಸಾಗಿದೆ: ಈ ಶಬ್ದ ಯೌಗಿಕ, ಪಾರಿಭಾಷಿಕವಲ್ಲ. ಅಂದರೆ ಬಿಡಿಸಿದರೆ ಬರುವ ಅರ್ಥವೇ ಅದರ ಅರ್ಥ. ಪಂಕಜವೆಂದರೆ ಕೆಸರಿನಲ್ಲಿ ಹುಟ್ಟಿದ್ದೆಲ್ಲವೂ ಅಲ್ಲ, ತಾವರೆ ಮಾತ್ರ, ಸ್ತ್ರೀಧನ ಹಾಗಲ್ಲ. ಸ್ತ್ರೀಯ ಧನವೆಲ್ಲವೂ ಸ್ತ್ರೀಧನ. ವ್ಯಾಕರಣ ಓದಿದವರಿಗೆ ಇದು ಹುಡುಗರ ಪಾಠ. ಆದರೆ ಈ ಪಾಠದ ಮೇಲೆ ಎಷ್ಟು ಮನೆಗಳ ಅನ್ನ ನಿಂತಿದೆ! ಗಂಡನಾದರೂ ಕ್ಷಾಮ, ಧರ್ಮಕಾರ್ಯ, ರೋಗ, ಬಂಧನ, ಈ ನಾಲ್ಕರಲ್ಲಿ ಮಾತ್ರ ಅದನ್ನು ಬಳಸಬಹುದೆಂದು ಸ್ಮೃತಿ. ಮೈದುನನ ಹೆಸರು ಅಲ್ಲಿಲ್ಲ.

ಹತ್ತೊಂಬತ್ತನೆಯ ಶತಮಾನದಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್ ಈ ಅರ್ಥವನ್ನು ಕಿರಿದುಮಾಡಿತು. ಗಂಡನಿಂದ ದಾಯವಾಗಿ ಬಂದ ಆಸ್ತಿಯನ್ನು ವಿಧವೆ ಬದುಕಿರುವವರೆಗೆ ಅನುಭವಿಸಬಹುದು, ಅವಶ್ಯಕತೆಯಿಲ್ಲದೆ ಮಾರಲಾಗದು ಎಂಬುದು ನೆಲೆಗೊಂಡಿತು. ಮೈಸೂರು ಸಂಸ್ಥಾನ 1933ರಲ್ಲಿಯೇ ಕಾಯಿದೆ ಮಾಡಿ ವಿಧವೆಯರಿಗೆ ವಿಭಾಗದಲ್ಲಿ ಪಾಲು ಕೊಟ್ಟಿತು. ತುಮಕೂರು ಆಗ ಆ ಸಂಸ್ಥಾನದಲ್ಲಿತ್ತು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ವೀರಶೈವ ಲಿಂಗಾಯತರನ್ನು ಹೆಸರಿಸಿಯೇ ಒಳಗೊಂಡಿದೆ. ಅದರ 14ನೆಯ ಕಲಮು ದಾಯ, ವಿಭಾಗ, ಕ್ರಯ, ಸ್ತ್ರೀಧನ ಎಂದು ಪಟ್ಟಿ ಹೇಳಿ, ಹೆಣ್ಣು ಪೂರ್ಣ ಒಡತಿ ಎನ್ನುತ್ತದೆ. ಎಂಟೂವರೆ ಶತಮಾನದ ಮೇಲೆ ವಿಜ್ಞಾನೇಶ್ವರನ ಪಟ್ಟಿಯೇ ತಿರುಗಿ ಬಂದಂತೆ! ಒಡವೆ ಗಂಡನ ಮನೆಯಲ್ಲಿದ್ದರೂ ಅವರು ಬರಿಯ ಕಾವಲುಗಾರರು, ಕೊಡದಿದ್ದರೆ ನಂಬಿಕೆದ್ರೋಹವೆಂದು ಸುಪ್ರೀಂ ಕೋರ್ಟು 1985ರಲ್ಲಿ ತೀರ್ಮಾನಿಸಿತು.

ಅದೇ ವರ್ಷದ ನಿಯಮಗಳಂತೆ ಮದುವೆಯ ಉಡುಗೊರೆಗಳ ಪಟ್ಟಿಯನ್ನು ವಧೂವರರು ಬರೆದು ಸಹಿ ಹಾಕಿ ಇಟ್ಟುಕೊಳ್ಳಬೇಕು. ಲಗ್ನಪತ್ರಿಕೆಗೆ ಮೂರು ದಿನ ಕುಳಿತುಕೊಳ್ಳುವ ಹಿರಿಯರು ಈ ಒಂದು ಹಾಳೆಗೆ ಒಂದು ಗಳಿಗೆ ಕುಳಿತುಕೊಳ್ಳಲಿ. ವಧುವಿನ ಪಟ್ಟಿ ವಧುವಿನ ಕೈಯಲ್ಲೇ ಇರಲಿ.