ನಾರಾದ ಸಾಮ್ರಾಜ್ಞಿಯ ಔಷಧದ ಪೆಟ್ಟಿಗೆಗಳು

ಜಪಾನಿನ ನಾರಾ ನಗರದ ಹೊಕ್ಕೆಜಿ ಭಿಕ್ಷುಣಿಯರ ಮಠದಲ್ಲಿ ಒಂದು ಹಬೆಸ್ನಾನದ ಮನೆಯಿದೆ. ಸಾಮ್ರಾಜ್ಞಿ ಕೋಮ್ಯೊ ಸಾವಿರ ಮಂದಿಯ ಮೈ ತೊಳೆಯುವ ಹರಕೆ ಹೊತ್ತಳಂತೆ. ಸಾವಿರದನೆಯವನು ಕುಷ್ಠರೋಗಿ. ಅವನು ಕೇಳಿದನೆಂದು ಆಕೆ ಹುಣ್ಣಿನ ಕೀವನ್ನು ಬಾಯಿಂದಲೇ ಹೀರಿದಾಗ ಅವನು ಅಕ್ಷೋಭ್ಯ ಬುದ್ಧನಾಗಿ ಬೆಳಗಿದನಂತೆ! ಇದು ಆಕೆ ತೀರಿಹೋಗಿ ಶತಮಾನಗಳಾದ ಮೇಲೆ ಹುಟ್ಟಿದ ದಂತಕಥೆ. ಇತಿಹಾಸದ ಕೋಮ್ಯೊ ಇಷ್ಟು ಸರಳವಲ್ಲ.

ಕ್ರಿ.ಶ. 701ರಲ್ಲಿ ಹುಟ್ಟಿದ ಆಕೆ ಪ್ರಬಲ ಮಂತ್ರಿ ಫುಜಿವಾರಾ ನೊ ಫುಹಿತೊನ ಮಗಳು. ಮುಂದೆ ಚಕ್ರವರ್ತಿ ಶೋಮುವಾದ ಯುವರಾಜನನ್ನು 716ರಲ್ಲಿ ಮದುವೆಯಾದಳು. 727ರಲ್ಲಿ ಗಂಡುಮಗು ಹುಟ್ಟಿತು. ಹಸುಗೂಸಿಗೇ ಯುವರಾಜ ಪಟ್ಟ ಕಟ್ಟಿದರು. ಮರುವರ್ಷ ಮಗು ಸತ್ತಿತು. ಅದೇ ವರ್ಷ ಸವತಿಗೆ ಗಂಡುಮಗು. ಫುಜಿವಾರಾ ಮನೆತನಕ್ಕೆ ದಿಗಿಲು ಹತ್ತದಿರುತ್ತದೆಯೆ? ತಮ್ಮ ಹೆಣ್ಣುಮಗಳನ್ನೇ ಪಟ್ಟದರಸಿ ಮಾಡಬೇಕೆಂದರೆ ಆ ಪದವಿ ರಾಜವಂಶದ ಹೆಣ್ಣಿಗೇ ಮೀಸಲು. ಈ ದಾರಿಗೆ ಅಡ್ಡವಾಗಿದ್ದವನು ರಾಜಕುಮಾರ ನಗಾಯ. 729ರಲ್ಲಿ ಅವನ ಮೇಲೆ ರಾಜದ್ರೋಹದ ಆರೋಪ ಬಂತು, ಸೈನಿಕರು ಮನೆಗೆ ಮುತ್ತಿಗೆ ಹಾಕಿದರು, ಅವನು ಪ್ರಾಣ ಕಳೆದುಕೊಳ್ಳಬೇಕಾಯಿತು. ಆರೋಪ ಸುಳ್ಳೆಂದು ಜಪಾನಿನ ಅಧಿಕೃತ ಚರಿತ್ರೆಯೇ ಬರೆದಿಟ್ಟಿದೆ. ಅದೇ ವರ್ಷ ಕೋಮ್ಯೊ ಪಟ್ಟದರಸಿಯಾದಳು.

ಮರುವರ್ಷವೇ, 730ರಲ್ಲಿ, ಬಡರೋಗಿಗಳಿಗೆ ಮದ್ದು ಕೊಡುವ ಸೆಯಾಕುಇನ್ ಎಂಬ ಸಂಸ್ಥೆ ಅವಳ ಆಡಳಿತದಡಿ ಆರಂಭವಾಯಿತು. ಅವಳ ಮತ್ತು ತವರಿನ ಜಹಗೀರುಗಳ ಆದಾಯದಿಂದ ಪ್ರಾಂತ್ಯಗಳಲ್ಲಿ ಪ್ರತಿವರ್ಷ ಗಿಡಮೂಲಿಕೆ ಕೊಂಡು ತರಿಸುವ ಏರ್ಪಾಡಿತ್ತು. ಅನಾಥರಿಗೊಂದು ಆಶ್ರಯವೂ ಇತ್ತು. ಇದು ಪಶ್ಚಾತ್ತಾಪವೋ, ಮನೆತನದ ಹೆಸರು ತೊಳೆಯುವ ಜಾಣತನವೋ, ಬರಿಯ ಕರುಣೆಯೋ? ಮೂರೂ ಬೆರೆತಿರಬಹುದು. ಮದ್ದಿಗೆ ಮಣಿಯದ ಸಿಡುಬು ಮಾತ್ರ 737ರಲ್ಲಿ ಅವಳ ನಾಲ್ವರು ಸೋದರರನ್ನೂ ಕೊಂಡೊಯ್ದಿತು. 735ರಿಂದ 737ರವರೆಗಿನ ಆ ಪಿಡುಗಿನಲ್ಲಿ ನಾಡಿನ ಕಾಲುಭಾಗದಷ್ಟು ಜನ ಸತ್ತಿರಬಹುದೆಂದು ವಿದ್ವಾಂಸರ ಅಂದಾಜು.

ಕಂಗೆಟ್ಟ ಅರಸ ಬುದ್ಧನ ಮೊರೆಹೊಕ್ಕ. ಪ್ರಾಂತಕ್ಕೊಂದು ವಿಹಾರ, ನಾರಾದ ತೋದೈಜಿಯಲ್ಲಿ ಕಂಚಿನ ಮಹಾಬುದ್ಧ. 752ರಲ್ಲಿ ಆ ಮೂರ್ತಿಗೆ ಕಣ್ಣು ಬರೆದವನು ಭಾರತದಿಂದ ಹೋಗಿದ್ದ ಭಿಕ್ಷು ಬೋಧಿಸೇನ. ಇದಕ್ಕೆಲ್ಲ ಒತ್ತಾಸೆಯಾಗಿದ್ದವಳು ಕೋಮ್ಯೊ. ಆದರೂ 744ರಲ್ಲಿ ಚೀನೀ ಕೃತಿಯೊಂದನ್ನು ನಕಲು ಮಾಡಿ ಆಕೆ ಹಾಕಿದ ಸಹಿ, ಫುಜಿವಾರಾ ಮನೆಯ ಮೂರನೆಯ ಮಗಳೆಂದು! ಪಟ್ಟವೇರಿ ಹದಿನೈದು ವರ್ಷವಾಗಿದ್ದರೂ ತವರು ಬಿಟ್ಟಿರಲಿಲ್ಲ.

756ರಲ್ಲಿ ಶೋಮು ತೀರಿಕೊಂಡ. ನಲವತ್ತೊಂಬತ್ತನೆಯ ದಿನ ಅವನ ವಸ್ತುಗಳನ್ನೆಲ್ಲ, ಆರುನೂರಕ್ಕೂ ಹೆಚ್ಚು, ಆಕೆ ಮಹಾಬುದ್ಧನಿಗೆ ಅರ್ಪಿಸಿದಳು. ಅವನ್ನು ಕಂಡರೆ ಎದೆ ಒಡೆಯುತ್ತದೆಂದು ದಾನಪತ್ರದಲ್ಲಿ ತೋಡಿಕೊಂಡಿದ್ದಾಳೆ. ಜೊತೆಗೆ ಇಪ್ಪತ್ತೊಂದು ಪೆಟ್ಟಿಗೆಗಳಲ್ಲಿ ಅರವತ್ತು ಬಗೆಯ ಔಷಧ: ಜಿನ್ಸೆಂಗ್, ಅತಿಮಧುರ, ದಾಲ್ಚಿನ್ನಿ, ನಮ್ಮ ಅಡುಗೆಮನೆಯ ಕಾಳುಮೆಣಸು, ಹಿಪ್ಪಲಿ. ಇವು ಪೂಜೆಗಿಟ್ಟವಲ್ಲ, ರೋಗಿಗಳಿಗೆ ಬೇಕಾದಾಗ ತೆಗೆದುಕೊಡಬೇಕೆಂದು ಅಪ್ಪಣೆಯಿತ್ತು.

ಇವೆಲ್ಲ ತೋದೈಜಿಯ ಶೋಸೋಇನ್ ಮರದ ಉಗ್ರಾಣ ಸೇರಿದವು. ಔಷಧಗಳಲ್ಲಿ ಹಲವು ಇಂದಿಗೂ ಉಳಿದಿವೆ. 759ರಲ್ಲಿ, ಆಕೆ ಸಾಯುವ ಹಿಂದಿನ ವರ್ಷ, ಸೆಯಾಕುಇನ್‌ನಲ್ಲಿ ದಾಲ್ಚಿನ್ನಿ ಮುಗಿಯಿತು. ಕೊಳ್ಳೋಣವೆಂದರೆ ಸಿಗಲಿಲ್ಲ. ಪೆಟ್ಟಿಗೆಯಿಂದ ಕೊಡಿಸಬೇಕೆಂದು ಅಲ್ಲಿನವರು ಬರೆದ ಅರ್ಜಿಯೂ ಅದೇ ಉಗ್ರಾಣದಲ್ಲಿ ಉಳಿದುಬಂದಿದೆ.