ನಿಂತಿದ್ದನಾ, ಓಡ್ತಿದ್ದನಾ? ಆ ಪ್ರಶ್ನೆಯೇ ಬೇಡ!

ಬ್ಯಾಸ್ಕೆಟ್‌ಬಾಲ್ ಕೋರ್ಟ್‌ನಲ್ಲಿ ಅತಿ ಹೆಚ್ಚು ಜಗಳ ತರುವ ಕ್ಷಣ ಯಾವುದು ಗೊತ್ತಾ? ಚೆಂಡು ಹಿಡಿದವನು ಬುಟ್ಟಿಯ ಕಡೆ ನುಗ್ಗುತ್ತಾನೆ. ಡಿಫೆಂಡರ್ ಅಡ್ಡ ಬರುತ್ತಾನೆ. ಧಡ್! ಇಬ್ಬರೂ ನೆಲಕ್ಕೆ. ಸೀಟಿಯ ಸದ್ದು ಅಡಗುವ ಮೊದಲೇ ಒಂದು ಬೆಂಚ್‌ನಿಂದ ಕೂಗು: ‘ಸರ್, ಅವನು ನಿಂತೇ ಇರ್ಲಿಲ್ಲ, ಮೂವ್ ಆಗ್ತಿದ್ದ!’ ಇನ್ನೊಂದು ಬೆಂಚ್‌ನಿಂದ: ‘ಗುದ್ದಿದ್ದು ಅವನೇ ಸರ್!’

ವಾರದ ಐದು ದಿನ ಕೋಡ್ ಬರೆದು ವಾರಾಂತ್ಯದಲ್ಲಿ ಸೀಟಿ ಹಿಡಿಯುವ ನನ್ನಂಥವರಿಗೆ ಈ ಕೂಗು ಅಭ್ಯಾಸವಾಗಿಬಿಟ್ಟಿದೆ. ತಮಾಷೆ ಅಂದರೆ, ಡಿಫೆಂಡರ್ ಕಂಬದ ಹಾಗೆ ನಿಂತಿರಲೇಬೇಕು ಅಂತ ಅಂತಾರಾಷ್ಟ್ರೀಯ ಸಂಸ್ಥೆ ಫಿಬಾದ ನಿಯಮ ಹೇಳುವುದೇ ಇಲ್ಲ.

ಆದರೆ ಈ ಒಂದು ಡಿಕ್ಕಿಯ ತೀರ್ಪು ಸಣ್ಣದಲ್ಲ. ಡಿಫೆಂಡರ್ ತಪ್ಪಾದರೆ ಬ್ಲಾಕಿಂಗ್: ಶಾಟ್ ಬುಟ್ಟಿಗೆ ಬಿದ್ದಿದ್ದರೆ ಎರಡು ಅಂಕ, ಮೇಲೊಂದು ಫ್ರೀ ಥ್ರೋ. ನುಗ್ಗಿದವನ ತಪ್ಪಾದರೆ ಚಾರ್ಜಿಂಗ್: ಚೆಂಡು ಎದುರಾಳಿ ತಂಡಕ್ಕೆ. ಯಾರದ್ದಾದರೂ ಅದು ಐದನೇ ಫೌಲ್ ಆಗಿದ್ದರೆ ಅವರ ಆಟ ಅಲ್ಲಿಗೇ ಮುಗಿಯಿತು. ಹಾಗಾಗಿ ನಾನು ಮೂರು ಪ್ರಶ್ನೆ ಕೇಳಿಕೊಳ್ಳುತ್ತೇನೆ.

ಒಂದು: ಜಾಗ ಹಿಡಿದಿದ್ದನಾ?

ಎದುರಾಳಿಗೆ ಮುಖ ಮಾಡಿ, ಎರಡೂ ಪಾದ ನೆಲಕ್ಕೆ ಊರಿದರೆ ಸಾಕು. ಡಿಫೆಂಡರ್‌ಗೆ ಆ ಜಾಗದ ಹಕ್ಕು ಬಂತು. ಇದಾದ ಮೇಲೆ ಅವನು ಪಕ್ಕಕ್ಕೆ ಸರಿಯಬಹುದು, ಹಿಂದಕ್ಕೆ ಹೋಗಬಹುದು, ನೇರ ಮೇಲಕ್ಕೆ ಜಿಗಿಯಬಹುದು. ಪೆಟ್ಟು ತಪ್ಪಿಸಿಕೊಳ್ಳಲು ತನ್ನ ಜಾಗದಲ್ಲೇ ಮೈ ತಿರುಗಿಸಬಹುದು. ಅವನ ಎದೆ, ಹೊಟ್ಟೆಯ ಭಾಗಕ್ಕೆ ಬಂದು ಗುದ್ದಿದರೆ ತಪ್ಪು ನುಗ್ಗಿದವನದ್ದು. ಅದೇ ಡಿಫೆಂಡರ್ ಮುಂದಕ್ಕೆ ಬಂದು ತಾಗಿದರೆ, ಸೊಂಟವನ್ನೋ ಮೊಣಕಾಲನ್ನೋ ಅಡ್ಡ ಚಾಚಿದರೆ ತಪ್ಪು ಅವನದ್ದು.

ಪ್ರತಿ ಆಟಗಾರನ ಸುತ್ತ ಕಣ್ಣಿಗೆ ಕಾಣದ ಒಂದು ಸಿಲಿಂಡರ್ ಇದೆ ಅಂದುಕೊಳ್ಳಿ. ಅದರೊಳಗಿನ ಜಾಗ, ಅದರ ಮೇಲಿನ ಗಾಳಿ ಎರಡೂ ಅವನದ್ದೇ. ಕೈ ನೇರ ಮೇಲಕ್ಕೆತ್ತಿ ಜಿಗಿದವನಿಗೆ ಯಾರಾದರೂ ತಾಗಿದರೆ, ಬರೀ ತಾಗಿತು ಅಂತ ಅವನ ಮೇಲೆ ಫೌಲ್ ಕೊಡುವ ಹಾಗಿಲ್ಲ.

ಎರಡು: ಚೆಂಡು ಯಾರ ಹತ್ತಿರ ಇತ್ತು?

ಚೆಂಡು ಹಿಡಿದವನು ಯಾವ ಕ್ಷಣದಲ್ಲಾದರೂ ಯಾರಾದರೂ ಅಡ್ಡ ಬರುತ್ತಾರೆ ಅಂತ ಸಿದ್ಧನಾಗಿರಬೇಕು. ಹಾಗಾಗಿ ಡಿಫೆಂಡರ್ ತಾಗದೆ, ಕೊನೇ ಗಳಿಗೆಯಲ್ಲಿ ಜಾಗ ಹಿಡಿದರೂ ನಡೆಯುತ್ತೆ. ಚೆಂಡಿಲ್ಲದೆ ಓಡುವವನ ಕಣ್ಣು ಬೇರೆ ಕಡೆ ಇರಬಹುದು. ಅವನಿಗೆ ನಿಲ್ಲಲು ಅಥವಾ ದಿಕ್ಕು ಬದಲಿಸಲು ಸಮಯ ಮತ್ತು ಅಂತರ ಕೊಡಲೇಬೇಕು: ಅವನ ವೇಗಕ್ಕೆ ತಕ್ಕಂತೆ, ಕನಿಷ್ಠ ಒಂದು ಹೆಜ್ಜೆಯಷ್ಟು.

ಮೂರು: ಗಾಳಿಯಲ್ಲಿದ್ದನಾ?

ನನ್ನ ಪ್ರಕಾರ ಇದು ಎಲ್ಲಕ್ಕಿಂತ ಮುಖ್ಯ. ಒಮ್ಮೆ ಜಿಗಿದವನಿಗೆ ಇಳಿಯುವ ಹಕ್ಕಿದೆ. ಅವನು ನೆಲ ಬಿಟ್ಟ ಮೇಲೆ ದಾರಿಗೆ ಅಡ್ಡ ಬಂದರೆ, ಇಳಿಯುವ ಜಾಗದಲ್ಲಿ ಕಾಲಿಟ್ಟರೆ, ಅದು ಡಿಫೆಂಡರ್ ತಪ್ಪು. ಕಣಕಾಲು ಉಳುಕುವುದು, ಮಂಡಿ ತಿರುಚುವುದು ಇಂಥ ಕಡೆಯೇ. ಸೋಮವಾರ ಕಾಲೇಜಿಗೋ ಆಫೀಸಿಗೋ ಹೋಗಬೇಕಾದ ಹುಡುಗರು ಆಡುವ ಆಟ ಇದು. ಇಲ್ಲಿ ಸೀಟಿ ಊದದೆ ಸುಮ್ಮನಿದ್ದರೆ ಮುಂದಿನ ಸಲ ಯಾರದ್ದಾದರೂ ಕಾಲು ಮುರಿಯಬಹುದು.

ಬುಟ್ಟಿಯ ಕೆಳಗಿರುವ ಅರ್ಧವೃತ್ತದ ಬಗ್ಗೆಯೂ ಗೊಂದಲವಿದೆ. ಅದರ ತ್ರಿಜ್ಯ 1.25 ಮೀಟರ್, ಫಿಬಾ ಇದನ್ನು 2010ರಲ್ಲಿ ಜಾರಿಗೆ ತಂದಿತು. ಡಿಫೆಂಡರ್ ಪಾದ ಅದರೊಳಗಿದ್ದಾಗ, ಗಾಳಿಯಲ್ಲಿದ್ದು ಶಾಟ್ ಅಥವಾ ಪಾಸ್ ಮಾಡುವವನು ಬಂದು ಗುದ್ದಿದರೆ ಚಾರ್ಜಿಂಗ್ ಕೊಡುವುದಿಲ್ಲ. ಅವನು ಕೈಕಾಲು ಬಳಸಿ ತಳ್ಳಿದ್ದರೆ ಮಾತ್ರ ಫೌಲ್. ಹಾಗಂತ ಒಳಗೆ ನಿಂತ ಕೂಡಲೇ ಡಿಫೆಂಡರ್ ಅಪರಾಧಿ ಅಂತಲೂ ಅಲ್ಲ. ಎಷ್ಟೋ ಸಲ ಸರಿಯಾದ ತೀರ್ಪು ‘ಆಟ ಮುಂದುವರಿಯಲಿ’.

ಇದನ್ನೆಲ್ಲ ಅರೆಕ್ಷಣದಲ್ಲಿ ನೋಡುವುದು ಹೇಗೆ? ಉಪಾಯ ಸುಲಭ, ಅಭ್ಯಾಸ ಕಷ್ಟ. ಚೆಂಡನ್ನು ಬಿಟ್ಟು ಡಿಫೆಂಡರ್‌ನನ್ನು ನೋಡಬೇಕು. ಡಿಕ್ಕಿಗೆ ಮೊದಲು ಅವನ ಪಾದ ಎಲ್ಲಿತ್ತು ಅಂತ ನೋಡದ ರೆಫರಿಗೆ ಉಳಿಯುವುದು ಯಾರು ಜೋರಾಗಿ ಬಿದ್ದರು ಅನ್ನುವುದಷ್ಟೇ. ಬೀಳುವುದನ್ನು ನಟಿಸುವವರಿಗೂ ಅದೇ ಬೇಕು! ಅದಕ್ಕೇ ನಾಟಕಕ್ಕೆ ಮೊದಲು ಎಚ್ಚರಿಕೆ, ಮತ್ತೆ ಮಾಡಿದರೆ ಟೆಕ್ನಿಕಲ್ ಫೌಲ್.

ಕಾಲು ಓಡಿಸಿ, ಬೆವರು ಸುರಿಸಿ, ಸರಿಯಾಗಿ ಅಡ್ಡಬಂದ ಹುಡುಗನಿಗೆ ‘ಮೂವ್ ಆದೆ’ ಅಂತ ಶಿಕ್ಷೆ ಕೊಟ್ಟರೆ ನಾಳೆಯಿಂದ ಅವನು ಕಾಲು ಬಿಟ್ಟು ಕೈ ಬಳಸುತ್ತಾನೆ. ಅಂಗಿ ಹಿಡಿದು ಎಳೆಯುವುದು, ಮೊಣಕೈ ಹಾಕುವುದು ಹೀಗೇ ಶುರುವಾಗುವುದು. ನಾವು ಊದುವ ಸೀಟಿ ಆ ದಿನದ ಸ್ಕೋರ್ ಬದಲಿಸುವುದಷ್ಟೇ ಅಲ್ಲ, ಅವನು ಮುಂದೆ ಹೇಗೆ ಆಡುತ್ತಾನೆ ಅನ್ನುವುದನ್ನೂ ತೀರ್ಮಾನಿಸುತ್ತದೆ.